ರಿಸಲ್ಟ್ ದಿನದ ಸಂಜೆ ಹೇಗೆ ಕಳೆಯಬೇಕು: ಮೆಂಬರ್ ಆಗುವ ಆಸೆ ಹುಟ್ಟಿದವರಿಗೆ

ಚುನಾವಣೆಯ ರಿಸಲ್ಟ್ ಬಂದ ದಿನ ಸಂಜೆ ನಮ್ಮ ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳ, ಹೊಸಂಗಡಿ, ಕುಂಬಳೆ ಕಡೆ ಹಲವರ ತಲೆಯಲ್ಲಿ ಒಂದು ಯೋಚನೆ ಬಂದೇ ಬರುತ್ತದೆ: ಮುಂದಿನ ಸಲ ಪಂಚಾಯತ್ ಮೆಂಬರ್ ಆಗಲು ನಾನೇ ಯಾಕೆ ನಿಲ್ಲಬಾರದು? ನಿನ್ನೆ ಮೊನ್ನೆಯವರೆಗೆ ಕ್ಲಬ್ಬಿನ ಜಗಲಿಯಲ್ಲಿ ನಮ್ಮ ಜೊತೆ ಕೇರಂ ಆಡುತ್ತಿದ್ದ ಹುಡುಗ ಮಾಲೆ ಹಾಕಿಸಿಕೊಂಡು ಜೀಪಿನಲ್ಲಿ ನಿಂತು ಕೈಮುಗಿಯುತ್ತಾ ಹೋಗುವುದನ್ನು ನೋಡಿದರೆ ಹಾಗೆ ಅನಿಸುವುದು ಸಹಜ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ. ಆದರೆ ಆ ಆಸೆ ಕುರ್ಚಿಯದ್ದೋ ಕೆಲಸದ್ದೋ ಅಂತ ತಿಳಿದುಕೊಳ್ಳಲು ಅದೇ ಸಂಜೆ ಒಳ್ಳೆಯದು. ಎರಡು ದಿನ ಬಿಟ್ಟರೆ ಗೆದ್ದವರೂ ಸೋತವರೂ ಮುಖ ಸರಿಮಾಡಿಕೊಂಡಿರುತ್ತಾರೆ, ಮತ್ತೆ ನಿಜ ಮಾತು ಸಿಗುವುದಿಲ್ಲ.

ಅಭ್ಯರ್ಥಿಯ ಪರವಾಗಿ ಮತ ಎಣಿಕೆ ನೋಡುವ ಕೌಂಟಿಂಗ್ ಏಜೆಂಟ್ ಆಗಿ ಕೂತು, ಗೆದ್ದವರ ಮನೆಗೂ ಸೋತವರ ಮನೆಗೂ ಹೋಗಿ ಬಂದು ಗೊತ್ತಾದದ್ದನ್ನು ಬರೆಯುತ್ತಿದ್ದೇನೆ. ಪಕ್ಷ ಯಾವುದು ಅಂತ ಕೇಳಬೇಡಿ, ಈ ವಿಷಯಕ್ಕೆ ಅದು ಬೇಕಾಗಿಲ್ಲ.

ಮೊದಲು ಲೆಕ್ಕ ಸರಿಯಾಗಿ ನೋಡಿ

ಪಂಚಾಯತ್ ಚುನಾವಣೆಯಾದರೆ ಸಂಜೆಯವರೆಗೆ ಕಾಯುವುದೇ ಬೇಡ. ಒಂದು ವಾರ್ಡಿಗೆ ಒಂದೋ ಎರಡೋ ಬೂತು, ಬೆಳಿಗ್ಗೆ 8ಕ್ಕೆ ಎಣಿಕೆ ಶುರುವಾದರೆ ಹೆಚ್ಚಿನ ವಾರ್ಡುಗಳದ್ದು ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿದಿರುತ್ತದೆ. ಬೆಂಗಳೂರಿನ ಕನ್ನಡ ಚಾನೆಲ್ ಹಾಕಿ ನಮ್ಮ ಪಂಚಾಯತಿನ ಸುದ್ದಿಗೆ ಕಾದು ಕೂತರೆ ಪ್ರಯೋಜನ ಇಲ್ಲ. ಮಲಯಾಳಂ ಚಾನೆಲಿನಲ್ಲೂ ತಿರುವನಂತಪುರ, ಕೊಚ್ಚಿ, ಕೋಝಿಕ್ಕೋಡು ಎಲ್ಲ ಮುಗಿದ ಮೇಲೆ ನಮ್ಮ ಸರದಿ. ರಾಜ್ಯ ಚುನಾವಣಾ ಆಯೋಗದ 'ಟ್ರೆಂಡ್' ಸೈಟು ನೋಡಿ, ವಾರ್ಡ್ ಲೆಕ್ಕದಲ್ಲಿ ಅಲ್ಲಿ ಸಿಗುತ್ತದೆ.

ವಿಧಾನಸಭೆಯದ್ದು ಬೇರೆ. 8 ಗಂಟೆಗೆ ಅಂಚೆ ಮತ, ಅರ್ಧ ಗಂಟೆ ಕಳೆದು ಮೆಷಿನ್. ಸಾಮಾನ್ಯವಾಗಿ ಒಂದು ಕ್ಷೇತ್ರಕ್ಕೆ 14 ಟೇಬಲ್ ಇರುತ್ತದೆ, ಅಂದರೆ ಮೊದಲ ರೌಂಡಿನಲ್ಲಿ ಒಂದರಿಂದ 14ರವರೆಗಿನ ಬೂತು, ಎರಡನೇ ರೌಂಡಿನಲ್ಲಿ ಅದರ ನಂತರದ 14, ಹೀಗೆ. ಇದು ಗೊತ್ತಿಲ್ಲದವರೇ ಬೆಳಿಗ್ಗೆ ಹತ್ತು ಗಂಟೆಗೆ ಗರ್ನಾಲು (ಪಟಾಕಿ) ತರಲು ಓಡುವುದು. ಮೂರನೇ ರೌಂಡಿನಲ್ಲಿ ಲೀಡ್ ಉಂಟು ಅಂದರೆ ಆ ಕಡೆಯ ಪಂಚಾಯತ್ ಅವರಿಗೆ ಒಲಿದಿದೆ ಅಂತ ಮಾತ್ರ ಅರ್ಥ, ಬೇರೇನೂ ಅಲ್ಲ. "ಎಂತ ಇಚ್ಚ (ಅಣ್ಣ), ಎಷ್ಟು ಲೀಡ್?" ಅಂತ ಕೇಳುವ ಬದಲು "ಎಷ್ಟನೇ ಬೂತು ಎಣಿಸ್ತಾ ಇದ್ದಾರೆ?" ಅಂತ ಕೇಳಿ ನೋಡಿ. ಉತ್ತರ ಕೊಡುವವನಿಗೆ ಚುನಾವಣೆ ಗೊತ್ತೋ ಬರೀ ಬೊಬ್ಬೆ ಗೊತ್ತೋ ಅಂತ ಅಲ್ಲೇ ತಿಳಿಯುತ್ತದೆ.

ನಮ್ಮ ಮಂಜೇಶ್ವರ ಕ್ಷೇತ್ರದವರಿಗೆ ಇದನ್ನು ಜಾಸ್ತಿ ಹೇಳಬೇಕಾಗಿಲ್ಲ. 2016ರ ವಿಧಾನಸಭೆ ಚುನಾವಣೆಯಲ್ಲಿ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಅವರಿಗೆ 56,870 ಮತ, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781. ವ್ಯತ್ಯಾಸ 89. ಅದು ಹೈಕೋರ್ಟಿಗೆ ಹೋಗಿ, ಕೇಸು ಮುಗಿಯುವ ಮೊದಲೇ 2018ರಲ್ಲಿ ರಝಾಕ್ ತೀರಿಹೋಗಿ, 2019ರಲ್ಲಿ ಉಪಚುನಾವಣೆ ಆಯಿತು. 2021ರಲ್ಲಿ ಎ.ಕೆ.ಎಂ. ಅಶ್ರಫ್ ಅವರು ಅದೇ ಸುರೇಂದ್ರನ್ ಎದುರು 745 ಮತಗಳಲ್ಲಿ ಗೆದ್ದರು, ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡರು. 89 ಮತದ ಆ ಚುನಾವಣೆ ಆದ ಮೇಲೆ ವರ್ಷಗಟ್ಟಲೆ ಪ್ರತಿಯೊಬ್ಬನೂ "ನಮ್ಮ ಮನೆಯ ವೋಟೇ ಆ ಲೀಡ್" ಅಂತ ಹೇಳಿಕೊಂಡು ತಿರುಗಿದ. ಒಂದೊಂದು ಮನೆಯನ್ನೂ ಕೂಡಿಸಿದರೆ 89 ಸಾವಿರ ಆಗಿರಬೇಕು!

ನಿಮ್ಮ ಮೊದಲ ಪರೀಕ್ಷೆ ಇಲ್ಲಿದೆ. ಲೆಕ್ಕ ಬಂದಾಗ ನೀವು ಏನನ್ನು ನೋಡುತ್ತೀರಿ? ಗೆಲುವಿನ ಅಂತರ ಮಾತ್ರ ನೋಡಿ ಫೋನ್ ಕಿಸೆಗೆ ಹಾಕುತ್ತೀರೋ, ಅಥವಾ ಯಾವ ಬೂತಿನಲ್ಲಿ ಯಾಕೆ ಕಮ್ಮಿ ಬಂತು ಅಂತ ಹುಡುಕುತ್ತೀರೋ? ವಿಧಾನಸಭೆ, ಲೋಕಸಭೆಯದ್ದಾದರೆ 'ಫಾರ್ಮ್ 20' ಅಂತ ಒಂದು ಪಟ್ಟಿ ಕೆಲವು ದಿನ ಕಳೆದು ಮುಖ್ಯ ಚುನಾವಣಾಧಿಕಾರಿಯ ಸೈಟಿನಲ್ಲಿ ಸಿಗುತ್ತದೆ, ಅದರಲ್ಲಿ ಬೂತು ಬೂತಿನ ಲೆಕ್ಕ ಇರುತ್ತದೆ. ನಿಮ್ಮ ಬೂತಿನ ಸಾಲು ಹುಡುಕಿ. ಆ ಕಾಲನಿಯವರು ಯಾಕೆ ಬರಲಿಲ್ಲ, ಅಲ್ಲಿಗೆ ನೀರಿನ ಪೈಪು ಬಂದಿದೆಯಾ, ರಸ್ತೆ ಇನ್ನೂ ಹಾಗೇ ಉಂಟಾ ಅಂತ ತಲೆಗೆ ಬಂದರೆ ನಿಮ್ಮ ಆಸೆಯ ಹಿಂದೆ ಏನೋ ಇದೆ ಅಂತ ಇಟ್ಟುಕೊಳ್ಳಿ.

ಇನ್ನು, ಯಾರಾದರೂ ಏಜೆಂಟ್ ಆಗಿ ಒಳಗೆ ಕೂರಲು ಕರೆದರೆ ಖಂಡಿತ ಹೋಗಿ. ಫೋನ್ ಹೊರಗೇ ಬಿಡಬೇಕು, ಅದೇ ಅರ್ಧ ಶಾಂತಿ. ಬಲೆಯ ಆಚೆ ಅಧಿಕಾರಿ ಮತಯಂತ್ರದ ಕಂಟ್ರೋಲ್ ಯೂನಿಟಿನ ಸೀಲು ತೋರಿಸುತ್ತಾರೆ, ನೀವು ಕೈಯಲ್ಲಿರುವ ಚೀಟಿಯ ನಂಬರಿಗೆ ತಾಳೆ ನೋಡುತ್ತೀರಿ. ಆಮೇಲೆ ರಿಸಲ್ಟ್ ಬಟನ್. ಸಣ್ಣ ಕಿಟಕಿಯಲ್ಲಿ ಒಂದನೇ ಅಭ್ಯರ್ಥಿ, ಇಷ್ಟು. ಎರಡನೇ ಅಭ್ಯರ್ಥಿ, ಇಷ್ಟು. ಮೂರು ತಿಂಗಳ ಓಡಾಟ, ಜಗಳ, ಮೈಕ್, ರಾತ್ರಿ ಗೋಡೆ ಬರಹ ಎಲ್ಲ ಅಲ್ಲಿ ಮೂರಂಕಿಯ ಒಂದು ಸಂಖ್ಯೆ. ಪಕ್ಕದಲ್ಲಿ ಎದುರು ಪಕ್ಷದ ಏಜೆಂಟ್ ಕೂತಿರುತ್ತಾನೆ, ಅವನ ಪೆನ್ನು ಕೈಕೊಟ್ಟರೆ ನಿಮ್ಮದನ್ನೇ ಕೇಳುತ್ತಾನೆ. ಮರುಎಣಿಕೆ ಬೇಕಿದ್ದರೆ ಫಲಿತಾಂಶ ಘೋಷಣೆ ಆಗುವ ಮೊದಲೇ ಕಾರಣ ಬರೆದು ಕೊಡಬೇಕು, ಹೊರಗೆ ಬಂದು ಗಲಾಟೆ ಮಾಡಿದರೆ ಏನೂ ಆಗುವುದಿಲ್ಲ. ಮತ ಸಮ ಬಂದರೆ ಚೀಟಿ ಎತ್ತುವುದು. ಐದು ವರ್ಷದ ಅಧಿಕಾರ ಒಂದು ಚೀಟಿಯ ಮೇಲೆ ನಿಲ್ಲುವುದುಂಟು ಅಂತ ಗೊತ್ತಿದ್ದರೆ ಗೆದ್ದಾಗ ತಲೆ ಸ್ವಲ್ಪ ಜಾಗದಲ್ಲಿರುತ್ತದೆ.

ಮೆರವಣಿಗೆಯಿಂದ ಬೇಗ ಹೊರಡಿ

ಹೋಗಬೇಡಿ ಅಂತ ಹೇಳುವುದಿಲ್ಲ. ನಿಮ್ಮವರು ಗೆದ್ದಿದ್ದರೆ ಹೋಗಿ, ಮೈಗೆ ಬಣ್ಣ ಬೀಳಲಿ, ಕೊಟ್ಟ ಲಾಡು ತಿನ್ನಿ. ಹೈವೇಯಲ್ಲಿ ಮಾತ್ರ ಮೂವರು ಒಂದೇ ಬೈಕಿನಲ್ಲಿ ಹೋಗಬೇಡಿ, ಅಷ್ಟೆ. ಆದರೆ ಅಲ್ಲಿ ಒಂದು ವಿಷಯ ಗಮನಿಸಿ: ವಾಹನದ ಮೇಲೆ ಯಾರು ಹತ್ತಿದ್ದಾರೆ, ಕೆಳಗೆ ಯಾರು ನಡೆಯುತ್ತಿದ್ದಾರೆ. ಬಿಸಿಲಿನಲ್ಲಿ ಮನೆಮನೆಗೆ ಸ್ಲಿಪ್ ಹಂಚಿದ ಅಕ್ಕಂದಿರು ಅಲ್ಲಿ ಇರುತ್ತಾರಾ? ಸಾಮಾನ್ಯವಾಗಿ ಇರುವುದಿಲ್ಲ. ಅವರು ಮನೆಗೆ ಹೋಗಿ ಬಟ್ಟೆ ಒಗೆಯುತ್ತಿರುತ್ತಾರೆ. ಮೇಲೆ ಹತ್ತಿದವರಲ್ಲಿ ಕೆಲವರನ್ನು ನೀವು ಪ್ರಚಾರದ ಒಂದು ದಿನವೂ ಕಂಡಿರುವುದಿಲ್ಲ. ನಿಮಗೆ ಎಲ್ಲಿ ನಿಲ್ಲಬೇಕು ಅನಿಸುತ್ತಿದೆ ಅಂತ ಸುಮ್ನೆ ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ, ಯಾರಿಗೂ ಹೇಳುವುದು ಬೇಡ.

ಕತ್ತಲಾಗುವ ಮೊದಲು ಸೋತವರ ಮನೆಗೆ ಹೋಗಿ. ನಿಮ್ಮ ಪಕ್ಷದವರೇ ಆಗಬೇಕೆಂದಿಲ್ಲ, ನಮ್ಮ ಊರುಗಳಲ್ಲಿ ಎಲ್ಲ ಪಕ್ಷದವರೂ ಒಂದೇ ಅಂಗಡಿಯಲ್ಲಿ ಕಟ್ಟನ್ ಚಾಯ (ಹಾಲಿಲ್ಲದ ಚಾ) ಕುಡಿಯುವವರೇ ಅಲ್ವಾ. ಅಂಗಳದಲ್ಲಿ ಬಾಡಿಗೆಯ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟಿರುತ್ತಾರೆ. ಮೂಲೆಯಲ್ಲಿ ಹಂಚಿ ಉಳಿದ ನೋಟೀಸಿನ ಕಟ್ಟು, ಅದರಲ್ಲಿ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮಲಯಾಳಂ. ಮನೆಯವರು ಅದನ್ನು ಎಲ್ಲಿಡುವುದು ಅಂತ ಗೊತ್ತಾಗದೆ ಅಲ್ಲೇ ಬಿಟ್ಟಿರುತ್ತಾರೆ. ಹೋದ ಕೂಡಲೇ "ಯಾರು ಕೈಕೊಟ್ಟದ್ದು" ಅಂತ ಶುರುಮಾಡಬೇಡಿ. "ಮುಂದಿನ ಸಲ ನೋಡುವ" ಅಂತಲೂ ಬೇಡ, ಆ ದಿನ ಆ ಮಾತು ಕೇಳಲು ಯಾರಿಗೂ ಆಗುವುದಿಲ್ಲ. "ಊಟ ಆಯ್ತಾ?" ಅಂತ ಕೇಳಿದರೆ ಸಾಕು. ಹೆಚ್ಚಾಗಿ ಆಗಿರುವುದಿಲ್ಲ.

ಸ್ವಲ್ಪ ಹೊತ್ತು ಕೂತರೆ ಅವರೇ ಮಾತಾಡುತ್ತಾರೆ. ಕೇಳಿಸಿಕೊಳ್ಳಿ. ಕೆಲವರು ಆ ರಾತ್ರಿ ಪೂರ್ತಿ ಮತದ ಲೆಕ್ಕವನ್ನೇ ಹೇಳುತ್ತಾರೆ, ಇಂಥ ಮನೆಯಲ್ಲಿ ಆರು ವೋಟು ಇತ್ತು, ನಾಲ್ಕು ಬರಲಿಲ್ಲ, ನನ್ನ ಕೈಯಿಂದ ಅಷ್ಟು ತೆಗೆದುಕೊಂಡವ ಹೀಗೆ ಮಾಡಿದ, ಇತ್ಯಾದಿ. ಇನ್ನು ಕೆಲವರು ಅಪರೂಪಕ್ಕೆ ಬೇರೆಯೇ ಹೇಳುತ್ತಾರೆ. ಒಬ್ಬ ಅಕ್ಕ ಸೋತ ಸಂಜೆ ನನ್ನ ಹತ್ತಿರ ಕೇಳಿದ್ದು ಒಂದೇ: "ಆ ಮೇಲಿನ ಮನೆಯ ಅಜ್ಜಿಯ ಪೆನ್ಶನ್ನಿನ ಮಸ್ಟರಿಂಗ್ ಮಾಡಿಸ್ತೇನೆ ಅಂತ ಹೇಳಿದ್ದೆ, ನಾಳೆ ಅಕ್ಷಯ ಕೇಂದ್ರ ಓಪನ್ ಉಂಟಾ?" (ಮಸ್ಟರಿಂಗ್ ಅಂದರೆ ಪೆನ್ಶನ್ ಪಡೆಯುವವರು ಬದುಕಿದ್ದಾರೆ ಅಂತ ದಾಖಲಿಸುವುದು, ಅದನ್ನು ಮಾಡಿಸುವ ಸರಕಾರಿ ಸೇವಾ ಕೇಂದ್ರ ಅಕ್ಷಯ.) ನಾನು ಇಲ್ಲಿ ಇಷ್ಟುದ್ದ ಬರೆಯುತ್ತಿರುವುದಕ್ಕೆ ಆ ಪ್ರಶ್ನೆಯೇ ಮುಖ್ಯ ಕಾರಣ ಅಂದರೂ ತಪ್ಪಿಲ್ಲ. ಮತಕ್ಕಾಗಿ ಕೊಟ್ಟ ಮಾತೇ ಇರಬಹುದು, ಆದರೆ ಮತ ಸಿಗದ ಮೇಲೂ ಅವರಿಗೆ ಅದು ನೆನಪಿತ್ತು.

ಈಗ ಕಾಗದ, ಪೆನ್ನು

ಮನೆಗೆ ಬಂದು ಮಿಂದು, ಟಿವಿ ಆಫ್ ಮಾಡಿ ಕೂತುಕೊಳ್ಳಿ. ಮೆಂಬರ್ ಆದರೆ ಏನೇನು ಮಾಡುತ್ತೇನೆ ಅಂತ ಬರೆಯಿರಿ. 'ಅಭಿವೃದ್ಧಿ' ಅಂತ ಬರೆದರೆ ಆ ಹಾಳೆ ಹರಿದು ಬಿಸಾಡಿ. ಹೆಸರು, ಜಾಗ ಹಾಕಿ ಬರೆಯಬೇಕು: ಅಂಗನವಾಡಿಯ ಹಿಂದಿನ ತೋಡಿಗೆ ಕಾಲುಸಂಕ, ಕನ್ನಡ ಶಾಲೆಗೆ ಕನ್ನಡ ಬರುವ ಮಾಸ್ಟ್ರು, ಅಡಿಕೆ ತೋಟಕ್ಕೆ ಬರುವ ಕಾಡುಹಂದಿ, ಹೀಗೆ. ಆಮೇಲೆ ಪಟ್ಟಿಯಲ್ಲಿ ಕುರ್ಚಿ ಇಲ್ಲದೆಯೂ ಶುರುಮಾಡಬಹುದಾದದ್ದಕ್ಕೆ ಗೀಟು ಹಾಕುತ್ತಾ ಹೋಗಿ.

ತುಂಬಾ ಗೀಟು ಬೀಳುತ್ತದೆ. ಕಾಲುಸಂಕಕ್ಕೆ ಗ್ರಾಮಸಭೆಯಲ್ಲಿ ಎದ್ದು ಕೇಳಬಹುದು. ಕೇರಳದಲ್ಲಿ ವಾರ್ಡ್ ಮಟ್ಟದ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು, ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ) ಮತದಾರರ ಶೇಕಡಾ 10, ಕರೆಯಬೇಕಾದವರು ಮೆಂಬರ್. ಅಲ್ಲಿಗೆ ಬರುವವರು ಎಷ್ಟು ಅಂತ ನಿಮಗೇ ಗೊತ್ತು. ಕೋರಂ ತುಂಬಿಸಲು ಸಹಿಯ ಪುಸ್ತಕ ಮನೆಮನೆಗೆ ಹೋದ ಕತೆಗಳೂ ಉಂಟು. ಮುಂದಿನ ಸಲ ನಿಲ್ಲಬೇಕು ಅನ್ನುವವರಲ್ಲಿ ಎಷ್ಟು ಜನ ಕಳೆದ ಗ್ರಾಮಸಭೆಗೆ ಹೋಗಿದ್ದಾರೆ? ನೀವು ಹೋಗಿದ್ದೀರಾ? ಹೋಗಿಲ್ಲ ಅಂದರೆ ಪಟ್ಟಿಯ ಕೆಳಗೆ ಅದನ್ನೂ ಬರೆಯಿರಿ. ಶಾಲೆಯದ್ದು ಇನ್ನೂ ಸ್ಪಷ್ಟ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡಲು ಹಾಕಿದಾಗ ನಮ್ಮ ಜಿಲ್ಲೆಯಲ್ಲಿ ಎದ್ದು ನಿಂತದ್ದು ಹೆಚ್ಚಾಗಿ ಅಪ್ಪ ಅಮ್ಮಂದಿರು ಮತ್ತು ಮಕ್ಕಳು. ಅವರಿಗೆ ಯಾವ ಚಿಹ್ನೆಯೂ ಬೇಕಾಗಲಿಲ್ಲ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆ ಉಂಟು. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲ. ಎಣ್ಮಕಜೆಯ ಪಡ್ರೆಯಲ್ಲಿ ಡಾಕ್ಟರ್ ವೈ.ಎಸ್. ಮೋಹನ ಕುಮಾರ್ ತಮ್ಮ ಹತ್ತಿರ ಬರುತ್ತಿದ್ದ ರೋಗಿಗಳನ್ನು ನೋಡಿ, ಇದೇನೋ ಸರಿ ಇಲ್ಲ ಅಂತ ಬರೆಯಲು ಶುರುಮಾಡಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನಮ್ಮ ಜಿಲ್ಲೆಯದ್ದೇ ಆದ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋದರು. ಆಕಾಶದಿಂದ ಸಿಂಪಡಿಸುವುದಕ್ಕೆ 2000ದಲ್ಲಿ ಕೋರ್ಟ್ ತಡೆ ಹಾಕಿತು. ಇಡೀ ದೇಶಕ್ಕೆ ಸುಪ್ರೀಂ ಕೋರ್ಟಿನ ನಿಷೇಧ ಬರಲು 2011 ಆಗಬೇಕಾಯಿತು. ಶುರುಮಾಡಿದವರು ಒಬ್ಬರು ಊರಿನ ಡಾಕ್ಟರು, ಇನ್ನೊಬ್ಬರು ಸರಕಾರಿ ನೌಕರಿಯಲ್ಲಿದ್ದ ಹೆಂಗಸು. ಮೆಂಬರ್ ಆಗಿದ್ದಿದ್ದರೆ ಸುಲಭ ಆಗುತ್ತಿತ್ತೋ ಏನೋ, ಆದರೆ ಆಗುವವರೆಗೆ ಅವರು ಕಾಯಲಿಲ್ಲ.

ಹಾಗಂತ ಕುರ್ಚಿಯೇ ಬೇಡ ಅನ್ನುವ ಸನ್ಯಾಸಿ ಮಾತು ನಾನು ಹೇಳುವುದಿಲ್ಲ. ಗೀಟು ಬೀಳದೆ ಉಳಿದ ಕೆಲಸಗಳು ಇರುತ್ತವೆ, ಅವಕ್ಕೆ ಕುರ್ಚಿ ಬೇಕೇ ಬೇಕು. ಬಜೆಟಿನಲ್ಲಿ ಹಣ ಇಡುವುದು, ಯೋಜನೆಯ ಪಟ್ಟಿಗೆ ಸೇರಿಸುವುದು, ಸಮಿತಿಯಲ್ಲಿ ಕೈ ಎತ್ತುವುದು, ಇವು ಹೊರಗಿನಿಂದ ಆಗುವುದಿಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಹಿರಿಯರು ಮಾಡಿದ್ದೂ ಅದನ್ನೇ. 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಈಗ 89ಕ್ಕೆ, 745ಕ್ಕೆ ಉಸಿರು ಬಿಗಿ ಹಿಡಿಯುವ ಕ್ಷೇತ್ರದಲ್ಲಿ ಒಂದು ಕಾಲದಲ್ಲಿ ಎದುರಾಳಿಯೇ ಇರಲಿಲ್ಲ! 1960ರ ದಶಕದಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಕರ್ನಾಟಕಕ್ಕೆ ಸೇರಬೇಕು ಅನ್ನುವ ಬೇಡಿಕೆಯನ್ನೇ ಹೊತ್ತು ಕೇರಳ ವಿಧಾನಸಭೆಗೆ ಹೋದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ ಆಯೋಗ ಹೇಳಿತು, ಅದು ಜಾರಿಗೆ ಬರಲಿಲ್ಲ. ಕೆಲಸ ಆಗಲಿಲ್ಲ ನಿಜ, ಆದರೆ ಯಾವ ಕೆಲಸಕ್ಕೆ ಆ ಸೀಟು ಅಂತ ವೋಟು ಹಾಕಿದವರಿಗೂ ಗೊತ್ತಿತ್ತು, ಗೆದ್ದವರಿಗೂ ಗೊತ್ತಿತ್ತು. ಈಗಿನ ಅಭ್ಯರ್ಥಿಗಳಲ್ಲಿ ಒಬ್ಬರನ್ನು ನಿಲ್ಲಿಸಿ "ನಿಮಗೆ ಈ ಸೀಟು ಎಂತಕ್ಕೆ?" ಅಂತ ಕೇಳಿ ನೋಡಿ, ಅರ್ಧ ನಿಮಿಷ ಆಚೀಚೆ ನೋಡುತ್ತಾರೆ.

ಆಸೆಯೂ ಬೇಕು ಅಂತ ನನಗೆ ಅನಿಸುತ್ತದೆ. ನಾಲ್ಕು ಜನ ಗುರುತಿಸಬೇಕು ಅನ್ನುವ ಆಸೆ ಇದ್ದವನೇ ರಾತ್ರಿ ಹನ್ನೊಂದಕ್ಕೆ ಆಂಬುಲೆನ್ಸಿನ ಹಿಂದೆ ಮಂಗಳೂರಿಗೆ ಹೋಗುವುದು, ಸುಳ್ಳು ಯಾಕೆ ಹೇಳಬೇಕು. ರೋಗಿಯ ಮನೆಯವರಿಗೆ ಅವನ ಮನಸ್ಸಿನಲ್ಲಿ ಏನಿದೆ ಅನ್ನುವುದು ಮುಖ್ಯ ಅಲ್ಲ, ಬಂದನಲ್ಲ ಅಷ್ಟೇ. ತೊಂದರೆ ಆಗುವುದು ಕುರ್ಚಿ ತಪ್ಪಿದ ದಿನ. ಆಸೆ ಮಾತ್ರ ಇದ್ದವನು ಆ ದಿನದಿಂದ ಫೋನ್ ತೆಗೆಯುವುದಿಲ್ಲ.

ಕುರ್ಚಿ ತಪ್ಪುವುದಂತೂ ಖಂಡಿತ. ಕೇರಳದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸೀಟು ಮಹಿಳೆಯರಿಗೆ, ಅದೂ ಸರದಿಯಲ್ಲಿ ವಾರ್ಡು ಬದಲಾಗುತ್ತದೆ. ಈ ಸಲ ಜನರಲ್ ಇದ್ದ ವಾರ್ಡು ಮುಂದಿನ ಸಲ ಮಹಿಳಾ ಮೀಸಲು ಆಗುವುದೇ ಹೆಚ್ಚು. ಹಾಗಾಗಿ ಹಾಳೆಯ ಕೆಳಗೆ ಇನ್ನೊಂದು ಪ್ರಶ್ನೆ ಬರೆಯಿರಿ: ಐದು ವರ್ಷ ದುಡಿದು, ಆಮೇಲೆ ವಾರ್ಡು ಮೀಸಲಾದರೆ ಏನು ಮಾಡುತ್ತೇನೆ? 'ಹೆಂಡತಿಯನ್ನು ನಿಲ್ಲಿಸಿ ನಾನೇ ನಡೆಸುತ್ತೇನೆ' ಅಂತ ಕೈ ತಾನಾಗಿ ಬರೆದರೆ ಪರೀಕ್ಷೆಯ ಫಲಿತಾಂಶ ಬಂತು ಅಂತ ತಿಳಿಯಿರಿ, ರೀಕೌಂಟಿಂಗ್ ಬೇಡ. ಕಾಲುಸಂಕದ ಕೆಲಸ ಗೊತ್ತಿರುವ ಬೇರೆ ಯಾರನ್ನಾದರೂ ಈಗಲೇ ಜೊತೆಗೆ ಸೇರಿಸಿಕೊಳ್ಳಬೇಕು ಅಂತ ಅನಿಸಿದರೆ, ಹೂಂ, ನೀವು ನಿಲ್ಲಬಹುದು. ಹೆಂಗಸರಿಗೆ ನಾನು ಹೇಳಬೇಕಾದ್ದು ಇದರ ಉಲ್ಟಾ: ವಾರ್ಡು ಮೀಸಲಾದಾಗ ಮಾತ್ರ ಅಂತ ಕಾಯಬೇಡಿ, ಜನರಲ್ ವಾರ್ಡಿನಲ್ಲೂ ನಿಲ್ಲಬಹುದು, ಕಾನೂನಿನಲ್ಲಿ ಯಾವ ಅಡ್ಡಿಯೂ ಇಲ್ಲ.

ಮನೆಯವರ ಹತ್ತಿರ ಅದೇ ರಾತ್ರಿ ಮಾತಾಡಿ

ನಾಳೆಗೆ ಇಡಬೇಡಿ. ಮನೆಯವರೂ ಅದೇ ಸುದ್ದಿ ನೋಡಿರುತ್ತಾರೆ, ವಿಷಯ ಎತ್ತಲು ಸುಲಭ. ದುಡ್ಡಿನ ಮಾತನ್ನೇ ಮೊದಲು ಆಡಿ. ಗ್ರಾಮ ಪಂಚಾಯತ್ ಅಭ್ಯರ್ಥಿ ಖರ್ಚು ಮಾಡಬಹುದಾದದ್ದು ಕಾನೂನು ಪ್ರಕಾರ 25,000 ರೂಪಾಯಿ. ಅದರೊಳಗೆ ನಿಲ್ಲಲು ನಿಮಗೆ ಮನಸ್ಸಿಲ್ಲ ಅಂತಾದರೆ ಉಳಿದದ್ದು ಎಲ್ಲಿಂದ ಬರುತ್ತದೆ, ಕೊಟ್ಟವನು ಆಮೇಲೆ ಏನು ಕೇಳುತ್ತಾನೆ ಅಂತ ಯೋಚಿಸಿ. ಮೆಂಬರಿಗೆ ಸಿಗುವ ಗೌರವಧನ ನಂಬಿ ಮನೆ ನಡೆಸಲು ಆಗದು. ಅಂಗಡಿಯೋ ತೋಟವೋ ಇದ್ದರೆ ಅದನ್ನು ಯಾರು ನೋಡಿಕೊಳ್ಳುತ್ತಾರೆ? ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ಜನ ಬಂದು ನಿಂತರೆ ಚಾ ಯಾರು ಮಾಡುತ್ತಾರೆ? ಇದಕ್ಕೆ ಮನೆಯಾಕೆ ಕೊಡುವ ಉತ್ತರ ಪಕ್ಷದ ಮಂಡಲ ಸಮಿತಿ ಕೊಡುವ ಉತ್ತರಕ್ಕಿಂತ ಸರಿಯಾಗಿರುತ್ತದೆ.

ಆ ದಿನ ನಿಮ್ಮ ಗೆಳೆಯನೇ ಗೆದ್ದಿದ್ದರೆ ಅವನಿಗೆ ಹೇಳಲು ಎರಡು ಮಾತು. ಪ್ರಮಾಣವಚನದ ದಿನ ಸದಸ್ಯರಲ್ಲಿ ವಯಸ್ಸಿನಲ್ಲಿ ಹಿರಿಯರಾದವರು ಮೊದಲು ಪ್ರಮಾಣ ತೆಗೆದುಕೊಂಡು ಆಮೇಲೆ ಉಳಿದವರಿಗೆ ಬೋಧಿಸುವುದು ಇಲ್ಲಿನ ಕ್ರಮ. ಅವರು ಯಾವ ಪಕ್ಷದವರೇ ಆಗಿರಲಿ, ಹೋಗಿ ಮಾತಾಡಿಸಲಿ. ಮೂರು ಪಕ್ಷ ಹಂಚಿಕೊಂಡ ಪಂಚಾಯತಿನಲ್ಲಿ ಮುಂದೆ ಐದು ವರ್ಷ ಅವರ ಜೊತೆಯೇ ಕೂರಬೇಕು. ಮತ್ತೆ ಗ್ರಾಮಸಭೆ. ಸತತ ಎರಡು ಸಲ ಕರೆಯದಿದ್ದರೆ ಮೆಂಬರ್ ಸ್ಥಾನಕ್ಕೇ ಕುತ್ತು, ಅದು ಕಾನೂನಿನಲ್ಲೇ ಇದೆ. ಅಧ್ಯಕ್ಷ ಯಾರು, ಯಾರ ಜೊತೆ ಯಾರು ಅನ್ನುವ ರಾತ್ರಿಯ ಲೆಕ್ಕಾಚಾರಕ್ಕೆ ಕರೆದರೆ ಹೋಗಲಿ, ಆದರೆ ಪಕ್ಷ ಬಿಟ್ಟು ಹಾರುವ ಯೋಚನೆ ಇದ್ದರೆ 1999ರ ಪಕ್ಷಾಂತರ ನಿಷೇಧ ಕಾನೂನನ್ನು ಒಮ್ಮೆ ಓದಲಿ. ಅನರ್ಹತೆ ಆರು ವರ್ಷ.

ಕೊನೆಗೆ, ನೀವೇ ನಿಂತಿದ್ದರೆ, ಗೆದ್ದಿರಲಿ ಸೋತಿರಲಿ, ಅದೇ ರಾತ್ರಿ ಬಿಲ್ಲುಗಳನ್ನೆಲ್ಲ ಒಂದು ಕವರಿಗೆ ಹಾಕಿ ಇಡಿ: ಪ್ರೆಸ್ಸಿನದ್ದು, ಮೈಕಿನದ್ದು, ಜೀಪಿನದ್ದು, ಬಾಡಿಗೆ ಕುರ್ಚಿಯವನದ್ದು. ಫಲಿತಾಂಶ ಬಂದು 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಸೋತವರು ಇದನ್ನು ಮರೆಯುವುದು ಜಾಸ್ತಿ, ಸೋತೆನಲ್ಲ ಇನ್ನೇನು ಅಂತ. ಕೊಡದಿದ್ದರೆ ಆಯೋಗ ಐದು ವರ್ಷ ಅನರ್ಹ ಮಾಡುತ್ತದೆ, ಆಗ ಮುಂದಿನ ಸಲದ ಮಾತೇ ಇಲ್ಲ. ಕುರ್ಚಿಯವನು ಬಿಲ್ಲು ಕೊಡಲು ಸತಾಯಿಸುತ್ತಾನೆ, ಮರುದಿನ ಕುರ್ಚಿ ಒಯ್ಯಲು ಬಂದಾಗಲೇ ಹಿಡಿದು ಬರೆಸಿಕೊಳ್ಳಿ.